ಬೋರೇಶ ಶಾಲೆ ಸಂಚಿಕೆಗೆ ಬರೆದದ್ದು

ಒಂದೂರಲ್ಲಿ ಬೋರೇಶ ಅಂತ ಒಬ್ಬ ಹುಡುಗ. ಹೇಳಿದ್ದನ್ನ ಹೇಳಿದಷ್ಟೇ ಮಾಡೋನು. ಹಾಲು ಉಕ್ಕುತ್ತೆ, ನೋಡ್ತಿರು ಅಂದ್ರೆ, ಉಕ್ಕಿ ಒಲೆಯೆಲ್ಲ ಹರಿದ್ರೂ ನೋಡ್ತಾನೇ ಇರೋನು! ಅವರವ್ವ ಕೆಂಪಮ್ಮಂಗೆ ಹಣೆ ಚಚ್ಕೊಂಡು ಚಚ್ಕೊಂಡು ಸಾಕಾಗಿತ್ತು.

ಅವಳಿಗೆ ಒಂದೇ ಆಸೆ. ವರ್ಷಾ ವರ್ಷಾ ಬರೋ ಶಾಲೆ ಸಂಚಿಕೇಲಿ ಓದಿದೋರ ಹೆಸರಿತ್ತು, ಓಡಿದೋರ ಹೆಸರಿತ್ತು, ಹಾಡಿದೋರ ಹೆಸರಿತ್ತು, ಮಗಂದು ಮಾತ್ರ ಇಲ್ಲ. ಈಗ ಹತ್ತನೇ ಕ್ಲಾಸು. ಇದೇ ಕೊನೇ ಸಲ.

ಕನ್ನಡದ ವಿಶಾಲಾಕ್ಷಿ ಮೇಡಂ ಹತ್ರ ಹೋಗಿ ಕೈಮುಗಿದ್ಳು. ಮೇಡಂ ಒಳ್ಳೇರು. "ಒಂದು ಸುದ್ದಿ ನೆಟ್ಟಗೆ ಬರೀಲಿ ಕೆಂಪಮ್ಮ, ಕೆಳಗೆ ಅವನ ಹೆಸರು ಹಾಕಿಸ್ತೀನಿ" ಅಂದ್ರು.

ಮೊದಲು ಬಿಸಿಯೂಟದ ನಂಜಕ್ಕನ ಬಗ್ಗೆ ಬರಿ ಅಂದ್ರು. ಬೋರೇಶ ಬರೆದ: "ನಂಜಕ್ಕ ಅಡುಗೆ ಮಾಡ್ತಾರೆ." ಅಷ್ಟೇ!

ಅವ್ವ ಹಣೆ ಚಚ್ಕೊಂಡ್ಳು. "ಅಷ್ಟೇನೇನೋ? ಕೊನೇಲಿ, ಬಹಳ ಉಪಕಾರ ಆಯ್ತು, ವರ್ಷಾ ವರ್ಷಾ ಹೀಗೇ ನಡೀಲಿ ಅಂತ ಹಾಕ್ಬೇಕು ಕಣೋ!"

"ಹೂಂ ಅವ್ವ!"

ಆಟೋಟದ ದಿನ ಹಗ್ಗ ಜಗ್ಗೋವಾಗ ಪೀಟಿ ಮೇಷ್ಟ್ರು ಬಿದ್ದು ಕಾಲು ಮುರ್ಕೊಂಡ್ರು. ಬೋರೇಶ ಬರೆದ: "ಮೇಷ್ಟ್ರ ಕಾಲು ಮುರೀತು. ಬಹಳ ಉಪಕಾರ ಆಯ್ತು. ವರ್ಷಾ ವರ್ಷಾ ಹೀಗೇ ನಡೀಲಿ."

ಅವ್ವ ಹಣೆ ಚಚ್ಕೊಂಡ್ಳು. "ಅಯ್ಯೋ ನಿನ್ನ! ಪಾಪ, ದೇವರು ಬೇಗ ವಾಸಿ ಮಾಡ್ಲಿ ಅನ್ಬೇಕಿತ್ತು ಕಣೋ!"

"ಹೂಂ ಅವ್ವ!"

ಒಂಬತ್ತನೇ ಕ್ಲಾಸಿನ ಭಾಗೀರಥಿ ಓಟದಲ್ಲಿ ಜಿಲ್ಲೆಗೇ ಮೊದಲು ಬಂದ್ಳು. ಬೋರೇಶ ಬರೆದ: "ಭಾಗೀರಥಿ ಮೊದಲು ಬಂದ್ಳು. ಪಾಪ! ದೇವರು ಬೇಗ ವಾಸಿ ಮಾಡ್ಲಿ."

"ನಂಗೇನ್ ರೋಗಾನಾ?" ಅಂತ ಅವಳು ಅಟ್ಟಿಸ್ಕೊಂಡು ಬಂದ್ಳು. ಓಟದವಳು, ತಪ್ಪಿಸ್ಕೊಳೋಕಾಗುತ್ತಾ!

ಅವ್ವ ಎರಡೂ ಕೈಲಿ ಹಣೆ ಚಚ್ಕೊಂಡ್ಳು. "ನೀನಾಗಿ ಏನೂ ಸೇರಿಸ್ಬೇಡ್ವೋ! ಎದುರಿಗಿರೋರು ಏನಂತಾರೋ ಅದನ್ನೇ ಬರಿ. ಒಂದಕ್ಷರ ಬಿಡ್ಬೇಡ!"

"ಹೂಂ ಅವ್ವ!"

ಆಗ ಉಳಿದಿದ್ದು ಒಂದೇ ಪುಟ, ಕೊನೇದು, ವಂದನೆ ಪುಟ. ಮೇಡಂ ಅದನ್ನೇ ಕೊಟ್ರು. ಬೋರೇಶ ಎಲ್ಲರ ಹತ್ರಾನೂ ಹೋಗಿ, "ನಿಮಗೆ ವಂದನೆ ಹೇಳ್ಬೇಕು, ಏನ್ ಬರೀಲಿ?" ಅಂದ. ಅವರಂದಿದ್ದನ್ನ ಹಾಗೇ ಬರೆದ.

ನಂಜಕ್ಕ: "ವಂದನೆ ಗಿಂದನೆ ಯಾಕ್ ಮಗಾ, ತಟ್ಟೆ ತಗೊಂಬಾ. ನೀನು ಹೊಟ್ಟೆ ತುಂಬಾ ಉಂಡ್ರೆ ನಂಗಷ್ಟೇ ಸಾಕು."

ಪೀಟಿ ಮೇಷ್ಟ್ರು: "ಕಾಲ್ ಮುಟ್ಬೇಡ್ವೋ, ನೋಯುತ್ತೆ! ಒಳ್ಳೇದಾಗ್ಲಿ ಹೋಗು."

ಭಾಗೀರಥಿ: "ಆವತ್ತು ಜೋರಾಗಿ ಹೊಡೆದ್ನಾ? ಬೇಜಾರ್ ಮಾಡ್ಕೋಬೇಡ ಅಣ್ಣ."

ಓದಿ ಮೇಡಂ ನಕ್ರು. ನಕ್ಕು ನಕ್ಕು ಕಣ್ಣು ಒರೆಸ್ಕೊಂಡ್ರು. "ಇಷ್ಟು ಚೆನ್ನಾಗಿರೋ ಪುಟ ಈ ಸಂಚಿಕೇಲೇ ಇನ್ನೊಂದಿಲ್ಲ ಕಣೋ! ಕೆಳಗೆ ಹೆಸರು ಹಾಕಿ ನೀನೇ ಪ್ರೆಸ್ಸಿಗೆ ಕೊಟ್ಬಿಡು."

ಬೋರೇಶ ಮನೆಗೆ ಓಡಿದ. "ಅವ್ವಾ, ಕೆಳಗೆ ಏನ್ ಹಾಕ್ಲಿ?"

ಅವ್ವ ಏನೋ ಅಂದ್ಳು. ಬೋರೇಶ ಬರ್ಕೊಂಡ, ಪ್ರೆಸ್ಸಿಗೆ ಕೊಟ್ಟ.

ಸಂಚಿಕೆ ಬಂತು. ಕೆಂಪಮ್ಮ ಕೈ ತೊಳ್ಕೊಂಡು, ಸೆರಗಲ್ಲಿ ಒರೆಸ್ಕೊಂಡು, ಕೊನೇ ಪುಟ ತೆಗೆದು ಒಂದೊಂದೇ ಅಕ್ಷರ ಕೂಡಿಸಿ ಓದಿದ್ಳು. ಪುಟದ ಅಡೀಲಿ ದಪ್ಪ ಅಕ್ಷರದಲ್ಲಿತ್ತು:

ಇಂತಿ ನಿಮ್ಮ,
ಅಯ್ಯೋ ಪೆದ್ದಪ್ಪಾ, ಇದನ್ನೂ ನಾನೇ ಹೇಳ್ಬೇಕೇನೋ? ನಿನ್ ಹೆಸರು ಹಾಕೋ, ನನ್ ಬಂಗಾರಾ!