ಬೆನ್ನೆತ್ತಿದ ಓಕ್ ಹಲಗೆ

ಹಡಗಿನಲ್ಲಿ ಬಂದಿಳಿದ ಬಿಳಿ ಓಕ್ ಹಲಗೆಗೆ ತನ್ನ ಅಗಲದ ಮೇಲೆ ಎಲ್ಲಿಲ್ಲದ ಅಭಿಮಾನ. ಪಾಲಿಶ್ ಕಾಣದ ಅಪ್ಪಟ ಮರ ತಾನು, ಹೊಸ ಮನೆಯ ಹಾಲ್‌ಗೆ ಹಾಸುವ ಮರದ ನೆಲದ ನಟ್ಟನಡುವೆ ತನಗೇ ಜಾಗ ಸಿಗಬೇಕು ಎಂಬುದೊಂದೇ ಅದರ ಆಸೆ. ಬಡಗಿಯೋ, ಹಲಗೆಗಳನ್ನೆಲ್ಲ ಕೋಣೆಯಲ್ಲಿ ಹರಡಿ, "ಕೆಲವು ದಿನ ಇಲ್ಲಿನ ಹವೆಗೆ ಒಗ್ಗಲಿ" ಎಂದು ಹೊರಟುಹೋದ.

"ನಾನೇನು ಉಪ್ಪಿನಕಾಯಿಯೇ, ಹೀಗೆ ನೆನೆಯಲು ಬಿಡೋಕೆ?" ಎಂದು ಹಲಗೆ ಸಿಡುಕಿತು.

ಹಳೇ ಮನೆಯಿಂದ ತಂದು ಕೂರಿಸಿದ್ದ ತೇಗದ ಮುಂಬಾಗಿಲು ನಕ್ಕಿತು. "ತಾಳು ಮಗಾ. ಮಳೆಗಾಲದಲ್ಲಿ ನನಗೂ ಮೈ ಉಬ್ಬುತ್ತೆ, ನಿನಗೂ ಉಬ್ಬುತ್ತೆ. ಗೋಡೆ ಪಕ್ಕ ಬೆರಳಷ್ಟು ಸಂದೂ ಬಿಟ್ಟುಕೋ."

"ಉಬ್ಬೋರು ನೀವು, ಬಾಗಿಲಜ್ಜ! ನಾನು ಇದ್ದಷ್ಟೇ ಇರೋನು."

ಯಜಮಾನರಿಗೂ ಗೃಹಪ್ರವೇಶದ ಅವಸರ; ಕಾಯದೆ ಬಡಗಿಯನ್ನು ಕರೆಸಿಬಿಟ್ಟರು. ಮರುದಿನವೇ ಹಲಗೆ ಬಯಸಿದ ಜಾಗದಲ್ಲಿ, ಅಕ್ಕಪಕ್ಕದ ಹಲಗೆಗಳನ್ನು ಸಂದಿಲ್ಲದಂತೆ ಗೋಡೆಗೆ ಒತ್ತಿಕೊಂಡು, ಮೊಳೆ ಹೊಡೆಸಿಕೊಂಡು ಮಲಗಿತು.

ಮಳೆ ಹಿಡಿಯಿತು. ಹಲಗೆ ಉಸಿರು ಬಿಗಿಹಿಡಿದರೂ ಮೈ ಉಬ್ಬಿ, ಬೆನ್ನು ಗೂನಾಗಿ ಮೇಲೆದ್ದಿತು. ಎಡವಿ ಬಿದ್ದ ಯಜಮಾನರು ಬಾಗಿಲೆಳೆದುಕೊಂಡು ಹೋಗಿ ಬಡಗಿಯನ್ನು ಕರೆತಂದರು. ಇಬ್ಬರೂ ಹೊರಗಿನಿಂದ ಎಷ್ಟು ತಳ್ಳಿದರೂ ಬಾಗಿಲು ಅಲುಗಲಿಲ್ಲ.

"ಅಜ್ಜಾ, ಬೇಗ ತೆಗೀರಿ, ಬೆನ್ನು ಸೀಳ್ತಿದೆ!" ಎಂದು ಹಲಗೆ ಗೋಗರೆಯಿತು.

"ನನಗೂ ಮೈ ಉಬ್ಬಿದೆಯಲ್ಲಪ್ಪ," ಎಂದಿತು ಬಾಗಿಲು. "ಮಳೆ ಬಿಡಲಿ, ತೆಗೀತೀನಿ. ಅಲ್ಲಿಯವರೆಗೆ ನೀನು ಇಲ್ಲಿನ ಹವೆಗೆ ಒಗ್ಗಿಕೋ."