ಚೆನ್ನಿಗನ ಬ್ಯಾಟರಿ ಗಾಡಿ

ಹೊಂಗೆಗುಡ್ಡದ ಕಾಡು ನೋಡಿದ್ದೀರಾ ಮಕ್ಕಳೇ? ನೋಡಿರಲಿಕ್ಕಿಲ್ಲ, ಬಿಡಿ. ಆ ಗುಡ್ಡದ ಬುಡದಲ್ಲಿ ಒಂದು ಕೊಳ, ನೆತ್ತಿಯಲ್ಲಿ ಒಂದು ಗುಹೆ. ಕೊಳದ ಸುತ್ತ ಪ್ರಾಣಿಗಳ ಮನೆಗಳು. ಗುಹೆಯಲ್ಲಿ ಮುರಿದ ಮೂಳೆ ಕೂರಿಸುವ, ಗಾಯಕ್ಕೆ ಮದ್ದು ಕಟ್ಟುವ ಕರಡಿ ದೊಡ್ಡಯ್ಯ. ಎರಡರ ನಡುವೆ ಇದ್ದದ್ದು ಒಂದೇ ಏರುದಾರಿ.

ಕೊಳದ ದಂಡೆಯಲ್ಲಿ ಚೆನ್ನಿಗ ಎಂಬ ಮುಂಗುಸಿ ಇದ್ದ. ಕೈಕೆಲಸದಲ್ಲಿ ಬಲು ಚುರುಕು. ಅವನೊಂದು ಬ್ಯಾಟರಿ ಗಾಡಿ ಮಾಡಿದ. ಬಿಸಿಲಲ್ಲಿ ನಿಲ್ಲಿಸಿದರೆ ಸಾಕು, ಚಾರ್ಜ್ ಆಗುತ್ತಿತ್ತು. ಹೊಗೆ ಇಲ್ಲ, ಸದ್ದಿಲ್ಲ, ಹುಲ್ಲು ಹಾಕುವ ರಗಳೆಯಿಲ್ಲ. ಚೆನ್ನಿಗ ಹ್ಯಾಂಡಲ್ ಹಿಡಿದು ಕೂತರೆ ಸರ್ರನೆ ಗುಡ್ಡ ಹತ್ತುತ್ತಿತ್ತು. ಒಳ್ಳೆಯ ಗಾಡಿ, ಇಲ್ಲ ಅನ್ನಬಾರದು.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಪಕ್ಕದ ಮನೆಯ ಮುಳ್ಳುಹಂದಿ ಮಲ್ಲಕ್ಕ. ಯಾಕೆ ಅಂತೀರಾ? ಮುಳ್ಳುಹಂದಿಯನ್ನು ಬೆನ್ನ ಮೇಲೆ ಹೊರುವವರು ಯಾರು ಹೇಳಿ! ಕತ್ತೆಯೊಂದು ಒಮ್ಮೆ ಹೊತ್ತಿತ್ತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ "ಅಯ್ಯಯ್ಯೋ!" ಎಂದು ಕೆಡವಿ ಓಡಿಹೋಗಿತ್ತು. ಗಾಡಿ ಬಂದಮೇಲೆ ಅವಳ ಮನೆಯವರೂ ಕೂತು ಹೋಗುವಂತಾಯಿತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಚೆನ್ನಿಗನ ಕೈಗಿಂತ ನಾಲಿಗೆಯೇ ಮುಂದೆ.

"ಇದಕ್ಕೆ ಓಡಿಸುವವರೇ ಬೇಡ. ಸುಮ್ಮನೆ ಕೂತರಾಯಿತು, ತಾನೇ ಹೋಗುತ್ತೆ, ತಾನೇ ಬರುತ್ತೆ," ಎಂದು ಊರಿಗೆಲ್ಲ ಸಾರಿದ.

ಗಾಡಿಗೆ ದಾರಿ ಕಲಿಸಲು ದಿನಾ ಅದರ ಮುಂದೆ ತಾನೇ ನಡೆದ. ಎದುರಿಗೆ ಏನಾದರೂ ಕಂಡರೆ ನಿಲ್ಲಬೇಕು ಎಂದೂ ಕಲಿಸಿದ. ಗಾಡಿ ಕಲಿಯಿತು, ಇಲ್ಲವೆಂದಲ್ಲ. ಆದರೆ ತರಗೆಲೆ ಹಾರಿದರೂ ನಿಂತಿತು, ಚಿಟ್ಟೆ ಬಂದರೂ ನಿಂತಿತು. ಒಂದು ಸಲವೂ ತಾನಾಗಿ ನೆತ್ತಿ ಮುಟ್ಟಲಿಲ್ಲ.

"ಯಾವಾಗಪ್ಪಾ ತಯಾರು?" ಎಂದು ಕೇಳಿದರೆ, "ಬರೋ ಹುಣ್ಣಿಮೆಗೆ," ಎನ್ನುತ್ತಿದ್ದ. ಹುಣ್ಣಿಮೆ ಬಂತು, ಹೋಯಿತು. ಮತ್ತೆ ಕೇಳಿದರೆ ಮತ್ತೆ, "ಬರೋ ಹುಣ್ಣಿಮೆಗೆ."

ಅತ್ತಿಮರದ ಮೇಲಿದ್ದ ಮುಸುವ ಕೆಂಚ ಕಿಸಕ್ಕನೆ ನಕ್ಕ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತಲ್ಲೋ ನಿನ್ನ ಕತೆ!"

ಚೆನ್ನಿಗನಿಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರ ಕಣ್ಣೆದುರೇ ಹ್ಯಾಂಡಲ್ ಕಿತ್ತು ಕೊಳಕ್ಕೆ ಎಸೆದ. "ಇನ್ನು ಇದಕ್ಕೆ ಹ್ಯಾಂಡಲ್ಲೇ ಬೇಡ. ನೋಡ್ತಾ ಇರು!"

ಎಂಥ ಬುದ್ಧಿ ನೋಡಿ!

ಮಾರನೆಯ ದಿನ ಮಲ್ಲಕ್ಕನ ಮಗ ಪುಟ್ಟೀರ ಬಂಡೆಯಿಂದ ಜಾರಿ ಬಿದ್ದ. ಹಿಂಗಾಲಿಗೆ ಪೆಟ್ಟಾಯಿತು. ಆದರೂ ಕುಂಟುತ್ತ ನಡೆಯುತ್ತಿದ್ದ. ಮೆಲ್ಲಗೆ ನಡೆಸಿಕೊಂಡು ಹೋದರೆ ಸಂಜೆಯೊಳಗೆ ದೊಡ್ಡಯ್ಯನ ಗುಹೆ ಸೇರಬಹುದು ಎಂದು ಮಲ್ಲಕ್ಕ ಹೊರಟಳು.

ಚೆನ್ನಿಗ ಅಡ್ಡ ಬಂದ. "ಅಯ್ಯೋ ಮಲ್ಲಕ್ಕ, ಮಗೂನ ಯಾಕೆ ನಡೆಸ್ತೀಯ? ನನ್ನ ಗಾಡಿ ಇಲ್ವಾ? ಈಗ ಚಾರ್ಜ್ ಇಲ್ಲ, ನಾಳೆ ಕೂರಿಸು. ತಾನಾಗಿ ಕರಕೊಂಡು ಹೋಗುತ್ತೆ."

"ಖಂಡಿತ ಹೋಗುತ್ತಾ ಚೆನ್ನಿಗಣ್ಣ?"

ಅವನಿಗೆ ಒಳಗೊಳಗೇ ಅಳುಕು. ಆದರೆ ಮೇಲೆ ಕೆಂಚ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದನಲ್ಲ! "ಖಂಡಿತ," ಎಂದುಬಿಟ್ಟ.

ಮಲ್ಲಕ್ಕ ನಂಬಿದಳು. ಮಗನನ್ನು ಮನೆಗೆ ಕರೆದುಕೊಂಡು ಹೋದಳು.

ಮರುದಿನ ಪೂರ್ತಿ ಮೋಡ. ಗಾಡಿ ಮಿಸುಕಲಿಲ್ಲ. ಪುಟ್ಟೀರನ ಕಾಲು ಊದಿಕೊಂಡಿತು. "ನಾಳೆ," ಎಂದ ಚೆನ್ನಿಗ. ಅದರ ಮರುದಿನ ಬಿಸಿಲು ಬಂತು, ಗಾಡಿ ಚಾರ್ಜ್ ಆಯಿತು. ಅಷ್ಟು ಹೊತ್ತಿಗೆ ಮಗುವಿನ ಮೈ ಜ್ವರದಿಂದ ಸುಡುತ್ತಿತ್ತು, ಕಾಲು ನೆಲಕ್ಕೆ ಊರುವಂತಿರಲಿಲ್ಲ.

ಮಗುವನ್ನು ಗಾಡಿಯಲ್ಲಿ ಮಲಗಿಸಿದರು. ಮಲ್ಲಕ್ಕ, ಚೆನ್ನಿಗ ಇಬ್ಬರೂ ಹತ್ತಿದರು. ಗಾಡಿ ತಾನಾಗಿ ಹೊರಟಿತು. ಅರ್ಧ ಗುಡ್ಡ ಸಲೀಸಾಗಿ ಹತ್ತಿತು. ಚೆನ್ನಿಗನ ಮುಖ ಅರಳಿತು.

ಅಲ್ಲಿಂದ ಮೇಲೆ ಮಂಜು ಇಳಿದಿತ್ತು. ಮಂಜನ್ನು ಗಾಡಿ ಹಿಂದೆಂದೂ ಕಂಡಿರಲಿಲ್ಲ. ಎದುರಿಗೆ ಗೋಡೆಯಿದೆ ಎಂದುಕೊಂಡು ಗಕ್ಕನೆ ನಿಂತಿತು. ಚೆನ್ನಿಗ ಬಡಿದ, ಗದರಿದ, ಕೈಮುಗಿದ. ಊಹೂಂ. ಹಿಡಿದು ಓಡಿಸೋಣವೆಂದರೆ ಹ್ಯಾಂಡಲ್ ಎಲ್ಲಿದೆ?

"ಯಾವಾಗ ಹೊರಡುತ್ತೆ ಚೆನ್ನಿಗಣ್ಣ?" ಮಲ್ಲಕ್ಕ ಕೇಳಿದಳು.

"ಇನ್ನೇನು, ಈಗ..." ಎನ್ನಲು ಬಾಯಿ ತೆರೆದ. ಪುಟ್ಟೀರ ನರಳಿದ. ಚೆನ್ನಿಗ ಮಗುವಿನ ಕಡೆ ನೋಡಿದ. ಕೊನೆಗೆ ಹೇಳಿದ, "ಇದು ಹೋಗಲ್ಲ ಮಲ್ಲಕ್ಕ. ತಾನಾಗಿ ಹೋಗೋದು ಇದಕ್ಕೆ ಇನ್ನೂ ಪೂರ್ತಿ ಬರಲ್ಲ. ಬರುತ್ತೆ ಅಂತ ನಾನು ಸುಳ್ಳು ಹೇಳಿದೆ."

"ಮೊನ್ನೆ ನನ್ನ ಮಗ ನಡೀತಿದ್ದ, ಚೆನ್ನಿಗಾ!" ಎಂದಳು ಮಲ್ಲಕ್ಕ. ಅಣ್ಣ ಎನ್ನಲಿಲ್ಲ.

ಚೆನ್ನಿಗ ಕೆಳಗೆ ಧುಮುಕಿದ. ಬಳ್ಳಿಯೊಂದನ್ನು ಕಿತ್ತು ಗಾಡಿಗೆ ಕಟ್ಟಿದ, ಇನ್ನೊಂದು ತುದಿಯನ್ನು ಹೆಗಲಿಗೆ ಹಾಕಿಕೊಂಡು ಎಳೆದ. ಮಲ್ಲಕ್ಕ ಹಿಂದಿನಿಂದ ನೂಕಿದಳು. ಗಾಡಿ ಒಂದು ಗೇಣು ಸರಿಯಿತು, ಅಷ್ಟೇ.

ತಮಾಷೆ ನೋಡಲು ಮರದಿಂದ ಮರಕ್ಕೆ ಹಾರುತ್ತ ಬಂದಿದ್ದ ಕೆಂಚ ಮೇಲಿಂದ ಕೂಗಿದ. "ಓಡಿಸುವವರೇ ಬೇಡ ಅಂದೋನು, ಈಗ ನೀನೇ ಎತ್ತಾದೆಯಲ್ಲೋ!"

"ಹೌದು ಕಣೋ," ಎಂದ ಚೆನ್ನಿಗ. ಅವನ ಕಣ್ಣಲ್ಲಿ ನೀರು. "ನಾನು ಹೇಳಿದ್ದೆಲ್ಲ ಬಡಾಯಿ. ನನ್ನನ್ನ ಆಮೇಲೆ ಎಷ್ಟು ಬೇಕಾದರೂ ಆಡಿಕೋ. ಈಗ ಮಗು ಸಾಯೋ ಹಾಗಿದೆ, ಬಂದು ಕೈ ಹಾಕು."

ಕೆಂಚನ ನಗು ನಿಂತಿತು. ಕೂಗು ಹಾಕಿ ತನ್ನ ಹಿಂಡನ್ನೆಲ್ಲ ಕರೆದ. ಎಲ್ಲರೂ ಬಳ್ಳಿ ಹಿಡಿದರು. ಮಂಜಿನಲ್ಲಿ ಎಡವುತ್ತ, ತಡವುತ್ತ ಗಾಡಿಯನ್ನು ಗುಹೆಯ ಬಾಗಿಲಿಗೆ ಎಳೆದು ತಂದರು.

ಕರಡಿ ದೊಡ್ಡಯ್ಯ ಕಾಲು ಮುಟ್ಟಿ ನೋಡಿ ತಲೆ ಆಡಿಸಿದ. "ಪೆಟ್ಟಾದ ದಿನವೇ ತಂದಿದ್ದರೆ ಮದ್ದಿನ ಪಟ್ಟಿ ಕಟ್ಟಿ ಕಳಿಸ್ತಿದ್ದೆ. ಈಗ ಜೀವಕ್ಕೆ ಭಯವಿಲ್ಲ. ಕಾಲು ಮಾತ್ರ ಮೊದಲಿನ ಹಾಗಾಗಲ್ಲ."

ಚೆನ್ನಿಗ ಗಾಡಿಗೆ ಹೊಸ ಹ್ಯಾಂಡಲ್ ಹಾಕಿದ. ಗಾಡಿ ಈಗಲೂ ಗುಡ್ಡ ಹತ್ತುತ್ತದೆ, ಆದರೆ ಅವನೇ ಕೂತು ಓಡಿಸುತ್ತಾನೆ. ಬಿಡುವಿದ್ದಾಗ ಅದಕ್ಕೆ ಮಂಜಿನ ಪಾಠವನ್ನೂ ಹೇಳಿಕೊಡುತ್ತಿದ್ದಾನೆ.

ಒಂದು ದಿನ ಪುಟ್ಟೀರ ಕುಂಟುತ್ತ ಅವನ ಬಳಿ ಬಂದ. ದಂಡೆಯ ಮೇಲೆ ಉಳಿದ ಮರಿಗಳು ಮುಟ್ಟಾಟ ಆಡುತ್ತಿದ್ದವು.

"ಚೆನ್ನಿಗ ಮಾಮ, ನಾನು ಯಾವಾಗ ಅವರ ಹಾಗೆ ಓಡೋದು?"

ಚೆನ್ನಿಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡ.

"ಓಡೋಕಾಗಲ್ಲ ಮಗೂ," ಎಂದ. "ನನ್ನಿಂದಲೇ ಹಾಗಾಯ್ತು."

ನೀತಿ: ಕೈಲಾಗದ್ದನ್ನು ಆಗುತ್ತದೆ ಎಂದು ನಂಬಿಸಬಾರದು, ನಮ್ಮ ಮಾತು ನಂಬಿ ಕಾದವರು ಕಳೆದುಕೊಂಡದ್ದನ್ನು ನಾವು ತಿರುಗಿ ಕೊಡಲಾರೆವು.