ಉಪ್ಪು ಬಿಟ್ಟವರ ಲೆಕ್ಕ

ಹೃದಯ ಯಾಕೆ ಕೈಕೊಡುತ್ತದೆ ಎಂದು ಸುಗುಣಮ್ಮ ದೇಶವೆಲ್ಲ ಅಲೆದಿದ್ದರು. ಸಾವಿರಾರು ಜನರ ಊಟ, ನಿದ್ದೆ, ಬೀಡಿ, ಚಿಂತೆ ಎಲ್ಲವನ್ನೂ ಲೆಕ್ಕ ಹಾಕಿದ್ದರು. ನಿವೃತ್ತರಾದ ಮೇಲೆ ತುಂಗೆಯ ದಡದಲ್ಲಿ ಮನೆ ಮಾಡಿದರು. ರೋಗದ ಅಂಕಿಅಂಶ ಓದುವುದನ್ನು ಕಲಿಯಬೇಕೆನ್ನುವವರು ಅಲ್ಲಿಗೇ ಹುಡುಕಿಕೊಂಡು ಬರುತ್ತಿದ್ದರು.

ಒಂದು ಬೆಳಿಗ್ಗೆ ಶಿಷ್ಯ ಧರಣೇಂದ್ರ ಬಸ್ಸಿಳಿದವನೇ ಚಪ್ಪಲಿ ಸಮೇತ ಒಳಗೆ ನುಗ್ಗಿದ.

"ಕಾರಣ ಸಿಕ್ಕಿತು, ಮೇಡಂ!"

"ಮೊದಲು ಚಪ್ಪಲಿ ಬಿಡು. ಕಾರಣ ಎಲ್ಲೂ ಓಡಿಹೋಗುವುದಿಲ್ಲ."

ಹೊಸಿಲಾಚೆ ಚಪ್ಪಲಿ ಒದರಿ ಬಂದ. "ಉಪ್ಪು ತಿನ್ನುವವರಿಗಿಂತ ಉಪ್ಪು ಬಿಟ್ಟವರೇ ಎದೆನೋವಿನಿಂದ ಹೆಚ್ಚು ಸತ್ತಿದ್ದಾರೆ. ಮತ್ತೆ ಮತ್ತೆ ನೋಡಿದೆ, ಲೆಕ್ಕ ತಪ್ಪಿಲ್ಲ."

"ಇಷ್ಟು ದೊಡ್ಡ ಸುದ್ದಿ ತಂದವನ ಮುಖ ಯಾಕೋ ಹೀಗಿದೆ?"

ಧರಣೇಂದ್ರ ನದಿಯ ಕಡೆ ತಿರುಗಿದ.

"ಅಪ್ಪನಿಗೆ ಉಪ್ಪು ಬಿಡಿಸಿದವಳು ಅಮ್ಮ. ಅವರು ಒಂದು ಚಿಟಿಕೆಗೆ ಗೋಗರೆದರೂ ಕೊಡಲಿಲ್ಲ, ಡಬ್ಬಿಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ವರ್ಷದೊಳಗೆ ಅಪ್ಪ ಹೋದರು."

"ಈ ಲೆಕ್ಕ ನಿಮ್ಮಮ್ಮನಿಗೆ ಹೇಳಿದೆಯಾ?"

"ಹೇಳಿಬಿಟ್ಟೆ. ನಿನ್ನ ಕೈಯಿಂದಲೇ ಹೋದರು ಅಂದೆ. ಆಮೇಲೆ ಆ ಮನೆಯಲ್ಲಿ ಊಟ ಮಾಡಿಲ್ಲ."

ಸುಗುಣಮ್ಮ ಒಳಗೆ ಹೋಗಿ ಒಂದು ಬಟ್ಟಲು ಗಂಜಿ ತಂದಿಟ್ಟರು.

ಒಂದು ಗುಟುಕು ಕುಡಿದು ಅವನು ಮುಖ ಕಿವುಚಿದ. "ಉಪ್ಪೇ ಇಲ್ಲ, ಮೇಡಂ."

"ನಾನು ಬಿಟ್ಟು ಬಹಳ ದಿನವಾಯಿತು."

"ಯಾಕೆ?"

"ಹೃದಯ ತಕರಾರು ತೆಗೆಯಿತು. ಡಾಕ್ಟರು ಬಿಡಿಸಿದರು."

"ಅಯ್ಯೋ! ಹೇಳಲೇ ಇಲ್ಲವಲ್ಲ ನೀವು!"

"ಅಳಬೇಡ, ಇನ್ನೂ ಇದ್ದೇನೆ. ನಾಳೆ ನಾನು ಸತ್ತರೆ ನಿನ್ನ ಲೆಕ್ಕದಲ್ಲಿ ನನ್ನನ್ನು ಯಾರ ಸಾಲಿಗೆ ಸೇರಿಸುತ್ತೀಯ?"

"ಉಪ್ಪು ಬಿಟ್ಟು ಸತ್ತವರ..." ಧರಣೇಂದ್ರ ಬಟ್ಟಲು ಕೆಳಗಿಟ್ಟ.

"ನಿಮ್ಮಮ್ಮ ಸುಮ್ಮಸುಮ್ಮನೆ ಬೀಗ ಹಾಕಿದರೇನೋ?"

"ಇಲ್ಲ. ಅದಕ್ಕೂ ಮೊದಲೇ ಅಪ್ಪನಿಗೆ ಒಂದು ಸಲ ಎದೆ ಹಿಡಿದಿತ್ತು. ನನ್ನ ಲೆಕ್ಕದ ಉಳಿದವರೂ ಹೃದಯ ಕೆಟ್ಟ ಮೇಲೇ ಉಪ್ಪು ಬಿಟ್ಟಿರಬೇಕು."

ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳಿಸುತ್ತಿತ್ತು.

"ಹಾಗಾದರೆ ಅಪ್ಪ ಹೋಗಿದ್ದು ಯಾವುದರಿಂದ, ಮೇಡಂ?"

"ಹತ್ತು ಸಾವಿರ ಅಪ್ಪಂದಿರನ್ನು ಕೊಡು, ಏನಾದರೂ ಹೇಳುತ್ತೇನೆ. ನಿನ್ನ ಒಬ್ಬ ಅಪ್ಪನದು ನನಗೆ ಗೊತ್ತಿಲ್ಲ, ಮಗು. ಇದನ್ನು ನಾಚಿಕೆಯಿಲ್ಲದೆ ಹೇಳುವುದಕ್ಕೆ ನನಗೆ ಇಡೀ ಆಯುಷ್ಯ ಹಿಡಿಯಿತು."

ಧರಣೇಂದ್ರ ಸಪ್ಪೆ ಗಂಜಿಯನ್ನು ತಳ ಕಾಣುವ ತನಕ ಕುಡಿದ.

"ಈಗ ಅಮ್ಮನ ಮುಂದೆ ಹೋಗಿ ಏನಂತ ಹೇಳಲಿ?"

ಸುಗುಣಮ್ಮ ಎದ್ದು ಬಾಗಿಲಿಗೆ ಹೋದರು. ಅಡ್ಡಾದಿಡ್ಡಿ ಬಿದ್ದಿದ್ದ ಅವನ ಚಪ್ಪಲಿಗಳನ್ನು ಬಾಗಿ ಎತ್ತಿ, ಬಸ್ಸಿನ ರಸ್ತೆಯ ಕಡೆಗೆ ಮುಖ ಮಾಡಿ ಇಟ್ಟರು.

"ಹಸಿವಾಗಿದೆ ಅನ್ನು."